ದುಡಿದವನ ಬೆಲ್ಟಿನ ಮೇಲೆ ಬಂದವನ ಕಣ್ಣು

ಮುಂದಿನ ವಾರದ ಟೀವಿ ರೆಸ್ಲಿಂಗ್ ಚಾಂಪಿಯನ್‌ಷಿಪ್ ಪಂದ್ಯದ ಪೋಸ್ಟರ್ ನೋಡಿದಾಗಿನಿಂದ ತಲೆ ಕೆಟ್ಟುಹೋಗಿದೆ. ಮುಕ್ಕಾಲು ಪೋಸ್ಟರಿನ ತುಂಬ ಒಬ್ಬನದೇ ಮುಖ. ವರ್ಷಗಟ್ಟಲೆ ರಿಂಗಿನ ಕಡೆ ತಲೆ ಹಾಕದಿದ್ದ ಹಳೆಯ ತಾರೆಯದು. ನಮ್ಮ ಚಾಂಪಿಯನ್ ಎಲ್ಲಿದ್ದಾನೆ ಎಂದು ಹುಡುಕಬೇಕು. ಆ ಮಹಾಶಯನ ಭುಜದ ಹಿಂದೆ, ಅರ್ಧ ಕತ್ತಲೆಯಲ್ಲಿ ನಿಲ್ಲಿಸಿದ್ದಾರೆ. ಅವನ ಹೆಗಲ ಮೇಲೆ ಚಾಂಪಿಯನ್ ಪಟ್ಟದ ಬೆಲ್ಟ್ ಇದೆ, ಆದರೆ ಅದರ ಮೇಲೆಯೇ ಪಂದ್ಯದ ದಿನಾಂಕವನ್ನು ದಪ್ಪ ಅಕ್ಷರಗಳಲ್ಲಿ ಒತ್ತಿಬಿಟ್ಟಿದ್ದಾರೆ. ಯಾವ ಬೆಲ್ಟಿಗಾಗಿ ಪಂದ್ಯವೋ ಆ ಬೆಲ್ಟೇ ಕಾಣುವುದಿಲ್ಲ. ಯಾರೋ ಕುಳಿತು ಇದನ್ನು ಮಾಡಿದ್ದಾರೆ, ಇನ್ಯಾರೋ ನೋಡಿ ಸರಿ ಎಂದಿದ್ದಾರೆ. ಅವರ ಲೆಕ್ಕದಲ್ಲಿ ಚಾಂಪಿಯನ್‌ಗೆ ಎಷ್ಟು ಬೆಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಾನು ಇಬ್ಬರ ಹೆಸರನ್ನೂ ಹೇಳುವುದಿಲ್ಲ. ಹೇಳಿದ ಕೂಡಲೇ ಮಾತು ಅವರ ಅಭಿಮಾನಿ, ಇವರ ಅಭಿಮಾನಿ ಎಂಬ ಜಗಳಕ್ಕೆ ತಿರುಗುತ್ತದೆ. ಪ್ರತಿ ವಾರ ನೋಡುವವರಿಗೆ ಯಾರೆಂದು ಗೊತ್ತೇ ಇದೆ. ನೋಡದವರಿಗೆ ಇಷ್ಟು ಸಾಕು: ಒಬ್ಬ ಪ್ರತಿ ವಾರ ಬರುತ್ತಾನೆ, ಬೆನ್ನು ಪಟ್ಟಿ ಸುತ್ತಿಕೊಂಡಾದರೂ ಬರುತ್ತಾನೆ, ಎದುರಾಳಿ ಯಾರೇ ಆಗಿರಲಿ ಪಂದ್ಯವನ್ನು ನೋಡುವಂತೆ ಮಾಡುತ್ತಾನೆ. ಇನ್ನೊಬ್ಬನ ಹಾಡು ಒಂದು ರಾತ್ರಿ ಇದ್ದಕ್ಕಿದ್ದಂತೆ ಮೊಳಗಿತು, ಜನ ಎದ್ದು ನಿಂತರು, ಅವನು ನಿಧಾನವಾಗಿ ನಡೆದು ಬಂದು ಬೆಲ್ಟಿನತ್ತ ಬೆರಳು ತೋರಿಸಿದ. ಅಷ್ಟೇ ಅವನ ಅರ್ಹತೆ. ಆ ಜಾಗಕ್ಕೆ ತಿಂಗಳುಗಟ್ಟಲೆ ಒಬ್ಬೊಬ್ಬರನ್ನೇ ಸೋಲಿಸಿಕೊಂಡು ಬಂದಿದ್ದ ಹುಡುಗನೊಬ್ಬನಿದ್ದ. ಅವನನ್ನು ಅದೇ ರಾತ್ರಿಯ ಆರು ಜನರ ಪಂದ್ಯವೊಂದಕ್ಕೆ ತುರುಕಿದ್ದಾರೆ. ಅವನಿಗೆ ಕೊಟ್ಟ ಮಾತು ಏನಾಯಿತು ಎಂದು ವೀಕ್ಷಕ ವಿವರಣೆಗಾರರು ಕೂಡ ಒಂದು ಸಲ ಕೇಳಲಿಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಕಾರ್ಯಕ್ರಮವಂತೂ ಹೊಟ್ಟೆ ಉರಿಸಿತು. ರಿಂಗಿನ ನಡುವೆ ಕಪ್ಪು ಬಟ್ಟೆ ಹೊದಿಸಿದ ಮೇಜು, ಎರಡು ಕುರ್ಚಿ, ಮೈಕು. ಬಂದವನು ಕುಳಿತುಕೊಂಡು ತನ್ನ ಹಳೆಯ ವೈಭವವನ್ನೆಲ್ಲ ಹೇಳಿ ಮುಗಿಸಿದ. ಜನ ಅವನ ಹಳೆಯ ಮಾತುಗಳನ್ನು ಅವನ ಜೊತೆಯಲ್ಲೇ ಕೂಗಿದರು. ಚಾಂಪಿಯನ್ ಮೈಕು ಎತ್ತಿಕೊಂಡ. ಎರಡನೆಯ ವಾಕ್ಯ ಮುಗಿಯುವ ಮೊದಲೇ ಬಂದವನು ಮೇಜನ್ನು ಅವನ ಮೇಲೆ ಉರುಳಿಸಿದ. ಬಿದ್ದ ಚಾಂಪಿಯನ್‌ನ ಎದೆಯ ಮೇಲೆ ಒಪ್ಪಂದದ ಹಾಳೆ ಇಟ್ಟು ಸಹಿ ಹಾಕಿದ. ಕ್ಯಾಮೆರಾ ಸಹಿ ಹಾಕುವ ಕೈಯನ್ನೇ ತೋರಿಸುತ್ತಿತ್ತು, ಕೆಳಗಿದ್ದವನ ಮುಖವನ್ನಲ್ಲ. ಇಷ್ಟು ತಿಂಗಳು ಈ ಕಾರ್ಯಕ್ರಮವನ್ನು ಹೊತ್ತು ನಡೆದವನು ಆ ರಾತ್ರಿ ಬರೆಯುವ ಹಲಗೆಯಾದ.

ಈ ಸಿಟ್ಟನ್ನು ಯಾರ ಮುಂದಾದರೂ ತೋಡಿಕೊಂಡರೆ ಬರುವ ಉತ್ತರ ಒಂದೇ. "ಅದೆಲ್ಲ ಮೊದಲೇ ನಿರ್ಧಾರವಾಗಿರುತ್ತದೆ, ಸುಮ್ಮನೆ ನಾಟಕ, ಅದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ?" ಕೇಳಿ ಕೇಳಿ ಕಿವಿ ತೂತಾಗಿದೆ. ಹೌದು, ನಿರ್ಧಾರವಾಗಿರುತ್ತದೆ. ರೆಸ್ಲಿಂಗ್ ನೋಡುವ ಚಿಕ್ಕ ಮಕ್ಕಳಿಗೂ ಇವತ್ತು ಅದು ಗೊತ್ತು. ನನ್ನ ಕೋಪಕ್ಕೆ ಕಾರಣವೇ ಅದು! ಅಖಾಡದ ಕುಸ್ತಿಯಲ್ಲಿ ನನಗೆ ಬೇಕಾದವನು ಹತ್ತೇ ಸೆಕೆಂಡಿನಲ್ಲಿ ಸೋತರೆ ಸಂಕಟಪಡಬಹುದು, ಯಾರನ್ನೂ ದೂರುವಂತಿಲ್ಲ. ಎದುರಾಳಿಯ ಪಟ್ಟು ಬಿಗಿಯಾಗಿತ್ತು, ಸೋತ. ಇಲ್ಲಿ ಹಾಗಲ್ಲ. ಒಂದು ಕೋಣೆಯಲ್ಲಿ ಕುಳಿತು, ಯೋಚಿಸಿ, ಚರ್ಚಿಸಿ, "ಇವನು ಇಷ್ಟು ಸುಲಭಕ್ಕೆ ಬೀಳಲಿ" ಎಂದು ಬರೆದಿರುತ್ತಾರೆ. ಬೇರೆ ರೀತಿಯಲ್ಲಿ ಬರೆಯದಂತೆ ಅವರ ಕೈಯನ್ನು ಯಾರೂ ಹಿಡಿದಿರಲಿಲ್ಲ. ಕಥೆ ಹೇಳುತ್ತೇವೆಂದು ನಮ್ಮನ್ನು ಕೂರಿಸಿಕೊಂಡ ಮೇಲೆ ಕಥೆಯನ್ನು ನೆಟ್ಟಗೆ ಹೇಳಬೇಕು.

ಇನ್ನು ಸೋಲು ಗೆಲುವು ಬರೆದದ್ದಾದರೂ ಬೀಳುವುದು ನಿಜವಾದ ಮೈ. ಆ ರಿಂಗು ಹಾಸಿಗೆಯಲ್ಲ. ಕ್ಯಾನ್ವಾಸಿನ ಕೆಳಗೆ ತೆಳುವಾದ ಫೋಮ್, ಅದರ ಕೆಳಗೆ ಮರದ ಹಲಗೆ, ಅದರ ಕೆಳಗೆ ಉಕ್ಕಿನ ತೊಲೆ. ಅದರ ಮೇಲೆ ವರ್ಷಗಟ್ಟಲೆ ಬೆನ್ನು ಬಡಿದುಕೊಂಡು ಬಿದ್ದವರ ಕುತ್ತಿಗೆ, ಮಂಡಿ ಏನಾಗಿರುತ್ತದೆ ಎಂಬುದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಉದ್ದನೆಯ ಪಟ್ಟಿಯೇ ಇದೆ. ಹಾಗೆ ದುಡಿದವನಿಗೆ ಕೊಡಬಹುದಾದ ದೊಡ್ಡ ಮರ್ಯಾದೆಯೆಂದರೆ ಒಂದು ಒಳ್ಳೆಯ ಕಥೆ. ಅದನ್ನೂ ಕಸಿದರೆ ಉಳಿಯುವುದೇನು?

ನನಗೆ ಇಷ್ಟು ಭಯ ಯಾಕೆಂದರೆ ಇದನ್ನು ಮೊದಲೂ ನೋಡಿದ್ದೇನೆ. ಕೋಫಿ ಕಿಂಗ್‌ಸ್ಟನ್ ನೆನಪಿದ್ದಾನೆಯೇ? ಹನ್ನೊಂದು ವರ್ಷ ಎಲ್ಲರ ನಡುವೆ ಒಬ್ಬನಾಗಿ ದುಡಿದವನು. 2019ರ ಫೆಬ್ರುವರಿಯಲ್ಲಿ ಗಾಯಗೊಂಡ ಇನ್ನೊಬ್ಬ ಆಟಗಾರನ ಬದಲಿಗೆ ಬಂದ. ಒಂದೇ ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಬಂದವರ ಎದುರು ಒಂದು ಗಂಟೆಗೂ ಹೆಚ್ಚು ಹೊತ್ತು ಆಡಿದ. ಜನ ಅವನನ್ನು ಎತ್ತಿಕೊಂಡರು. ಮೇಲಿನವರು ಎತ್ತಿಕೊಟ್ಟ ತಾರೆಯಲ್ಲ ಅವನು, ನಾವು ಕೂಗಿ ಕೂಗಿ ಮೇಲಕ್ಕೆ ಕಳುಹಿಸಿದವನು. ಅದೇ ವರ್ಷದ ಏಪ್ರಿಲ್ 7ರಂದು, ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದಲ್ಲಿ, ಆಗ ಚಾಂಪಿಯನ್ ಆಗಿದ್ದ ಡೇನಿಯಲ್ ಬ್ರಯಾನ್‌ನನ್ನು ಸೋಲಿಸಿ ಬೆಲ್ಟ್ ಗೆದ್ದ. ಬ್ರಯಾನ್ ಹಳೆಯ ಬೆಲ್ಟನ್ನು ಕಸದ ಬುಟ್ಟಿಗೆ ಎಸೆದು ಸೆಣಬಿನ ಬೆಲ್ಟ್ ಮಾಡಿಸಿಕೊಂಡಿದ್ದನಲ್ಲ, ಕೋಫಿಯ ಗೆಳೆಯರಾದ ಬಿಗ್ ಇ ಮತ್ತು ಝೇವಿಯರ್ ವುಡ್ಸ್ ಆ ಹಳೆಯ ಬೆಲ್ಟನ್ನೇ ತಂದು ಅವನ ಕೈಗಿತ್ತರು. ಪುಟ್ಟ ಮಕ್ಕಳಿಬ್ಬರು ರಿಂಗಿಗೆ ಬಂದು ಅಪ್ಪನ ಪಕ್ಕದಲ್ಲಿ ನಿಂತರು. ಅದನ್ನು ನೋಡಿ ಅಳದವರು ರೆಸ್ಲಿಂಗ್ ನೋಡುವುದನ್ನು ಬಿಟ್ಟುಬಿಡಲಿ.

ಆಮೇಲೆ? 180 ದಿನ ಚಾಂಪಿಯನ್ ಆಗಿದ್ದ. ಅಕ್ಟೋಬರ್ 4ರಂದು, ವಾರವಾರದ ಕಾರ್ಯಕ್ರಮ ಸ್ಮ್ಯಾಕ್‌ಡೌನ್ ಹೊಸ ಟೀವಿ ವಾಹಿನಿಗೆ ಹೋದ ಮೊದಲ ರಾತ್ರಿ, ಬ್ರಾಕ್ ಲೆಸ್ನರ್ ಎದುರು ನಿಲ್ಲಿಸಿದರು. ಗಂಟೆ ಬಾರಿಸಿತು. ಕೋಫಿ ಅವನ ಮೇಲೆ ನೆಗೆದ. ಲೆಸ್ನರ್ ಗಾಳಿಯಲ್ಲೇ ಹಿಡಿದು, ಹೆಗಲ ಮೇಲೆ ಹಾಕಿಕೊಂಡು, ತನ್ನ ಹೆಸರಾಂತ ಪಟ್ಟಾದ ಎಫ್‌ಫೈವ್‌ನಿಂದ ತಿರುಗಿಸಿ ಎಸೆದು ಮಲಗಿಸಿದ. ಭುಜ ನೆಲಕ್ಕೆ ಒತ್ತಿ ಹಿಡಿದ, ರೆಫರಿ ಎಣಿಸಿದ: ಒಂದು, ಎರಡು, ಮೂರು. ಹತ್ತು ಸೆಕೆಂಡೂ ಆಗಲಿಲ್ಲ. ಹನ್ನೊಂದು ವರ್ಷದ ಕಥೆಗೆ ಹತ್ತು ಸೆಕೆಂಡಿನ ಕೊನೆ! ಕೋಫಿ ಇನ್ನೂ ಬಿದ್ದಲ್ಲಿಂದ ಎದ್ದಿರಲಿಲ್ಲ, ಅಷ್ಟರಲ್ಲಿ ಲೆಸ್ನರ್‌ನ ಮುಂದಿನ ಎದುರಾಳಿ ಕೇನ್ ವೆಲಾಸ್ಕೆಝ್ ಬಂದ, ಎಲ್ಲ ಕ್ಯಾಮೆರಾಗಳೂ ಅವನ ಕಡೆ ತಿರುಗಿದವು. ಸೋತವನಿಗೆ ಮರುಪಂದ್ಯ ಕೊಡಲಿಲ್ಲ, ತಿರುಗಿ ಜೋಡಿ ಪಂದ್ಯಗಳಿಗೆ ಕಳುಹಿಸಿದರು. ಅವನು ಸೋತದ್ದಕ್ಕೆ ನನ್ನ ತಕರಾರಿಲ್ಲ. ಲೆಸ್ನರ್ ಎದುರು ಯಾರು ಬೇಕಾದರೂ ಸೋಲಬಹುದು. ಹದಿನೈದು ನಿಮಿಷ ಹೋರಾಡಿ ಸೋಲುವಂತೆ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕೆವಿನ್ ಓವೆನ್ಸ್‌ಗೂ ಇದೇ ಆಯಿತು. 2017ರ ಮಾರ್ಚ್ 5ರಂದು ಹಳೆಯ ತಾರೆ ಗೋಲ್ಡ್‌ಬರ್ಗ್ ಬಂದು 22 ಸೆಕೆಂಡಿನಲ್ಲಿ ಯೂನಿವರ್ಸಲ್ ಬೆಲ್ಟನ್ನು ಕಿತ್ತುಕೊಂಡು ಹೋದ. ಆಗ ಗೋಲ್ಡ್‌ಬರ್ಗ್‌ಗೆ ಐವತ್ತು ವರ್ಷ. ಮೂರು ವರ್ಷ ಕಳೆದು, 2020ರ ಫೆಬ್ರುವರಿ 27ರಂದು ರಿಯಾದ್‌ನಲ್ಲಿ ಬ್ರೇ ವಯಟ್‌ನ ಸರದಿ. ವಯಟ್ ಕಟ್ಟಿದ ಆ 'ಫೀಂಡ್' ಪಾತ್ರ ಎಂಥದು! ಮುಖವಾಡ, ಕೆಂಪು ಬೆಳಕು, ಸುತ್ತಿಗೆಯಿಂದ ಹೊಡೆದರೂ ಮತ್ತೆ ಏಳುವ ಭೂತ. ಸೇತ್ ರಾಲಿನ್ಸ್ ಕೈಗೆ ಸಿಕ್ಕಿದ್ದರಿಂದೆಲ್ಲ ಬಡಿದರೂ ಸಾಯದಿದ್ದ ಭೂತವನ್ನು ಐವತ್ಮೂರು ವರ್ಷದವನು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಿದ. ಅಲ್ಲಿಗೆ ಆ ಭೂತಕ್ಕೆ ಹೆದರುವವರು ಯಾರೂ ಉಳಿಯಲಿಲ್ಲ. ವಯಟ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡ, ಬರೀ ಮೂವತ್ತಾರು ವರ್ಷಕ್ಕೆ. ಆ ರಾತ್ರಿ ಹಾಳು ಮಾಡಿದ ಕಥೆಯನ್ನು ಇನ್ನು ಯಾರಿಂದ ಸರಿಪಡಿಸುತ್ತಾರೆ? ನನ್ನ ಮಟ್ಟಿಗೆ ಅದು ಕ್ಷಮಿಸುವಂಥ ಸಂಗತಿಯಲ್ಲ.

ಇದಕ್ಕೆ ಲೆಕ್ಕಾಚಾರದ ಪಂಡಿತರ ವಾದವೊಂದಿದೆ: ದೊಡ್ಡ ಹೆಸರಿಗೆ ಟಿಕೆಟ್ ಮಾರಾಟವಾಗುತ್ತದೆ, ಹಣ ತರುವವನಿಗೇ ಬೆಲ್ಟ್ ಕೊಡಬೇಕು. ಸರಿ, ಆ ದೊಡ್ಡ ಹೆಸರು ಹುಟ್ಟಿದ್ದು ಎಲ್ಲಿಂದ? ಇದೇ ಗೋಲ್ಡ್‌ಬರ್ಗ್ ರಿಂಗಿಗೆ ಬಂದು ವರ್ಷ ತುಂಬುವ ಮೊದಲೇ, 1998ರ ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಹಲ್ಕ್ ಹೋಗನ್ ಅವನಿಗೆ ಸೋತು ಬೆಲ್ಟ್ ಬಿಟ್ಟುಕೊಟ್ಟಿದ್ದ. ಅದಕ್ಕೂ ಮೊದಲು, 1990ರಲ್ಲಿ, ಟೊರಾಂಟೊದಲ್ಲಿ ಅದೇ ಹೋಗನ್ ಅಲ್ಟಿಮೇಟ್ ವಾರಿಯರ್‌ಗೆ ಸೋತು, ಬೆಲ್ಟನ್ನು ತನ್ನ ಕೈಯಾರೆ ತಂದುಕೊಟ್ಟು ಅಪ್ಪಿಕೊಂಡ. ಈ ಲೆಸ್ನರ್‌ಗೆ ಇಪ್ಪತ್ತೈದು ವರ್ಷವಾಗಿದ್ದಾಗ, 2002ರ ಸಮ್ಮರ್‌ಸ್ಲ್ಯಾಮ್‌ನಲ್ಲಿ, ದಿ ರಾಕ್‌ನಂಥ ರಾಕ್ ಎಲ್ಲರ ಎದುರು ಮಲಗಿ ಮೂರು ಎಣಿಸಿಕೊಂಡ. ಇವರು ದೊಡ್ಡವರಾದದ್ದು ಮೊದಲು ದೊಡ್ಡವರಾಗಿದ್ದವರು ಸೋತಿದ್ದರಿಂದ. ಆ ಸಾಲವನ್ನು ಮುಂದಿನವನಿಗೆ ತೀರಿಸಬೇಕಾದ ಹೊತ್ತಿಗೆ ಮಾತ್ರ ಟಿಕೆಟ್ ಲೆಕ್ಕ ತೆಗೆಯುತ್ತಾರೆ. ಇವತ್ತು ಹಳಬನ ಕೈಯಲ್ಲಿ ಎಲ್ಲರನ್ನೂ ಹೊಡೆಸಿದರೆ ಹತ್ತು ವರ್ಷ ಕಳೆದ ಮೇಲೆ ಯಾರ ಮುಖವನ್ನು ಪೋಸ್ಟರಿನ ಮೇಲೆ ಹಾಕುತ್ತಾರೆ? ಅಷ್ಟು ದೂರ ಯೋಚಿಸುವ ಒಬ್ಬನೂ ಆ ಕೋಣೆಯಲ್ಲಿ ಇಲ್ಲವೇ?

ಕೂಗಿದರೆ ಕೇಳಿಸುತ್ತದೆ, ಅದೂ ಗೊತ್ತು. 2014ರ ಜನವರಿಯಲ್ಲಿ, ಸುಮಾರು ನಾಲ್ಕು ವರ್ಷ ಇತ್ತ ಸುಳಿಯದಿದ್ದ ಬಟಿಸ್ಟಾ ಬಂದವನೇ ರಾಯಲ್ ರಂಬಲ್ ಗೆದ್ದ. ಮೂವತ್ತು ಜನ ಒಬ್ಬೊಬ್ಬರಾಗಿ ಇಳಿಯುವ ಆ ಪಂದ್ಯ ಗೆದ್ದವನಿಗೆ ರೆಸಲ್‌ಮೇನಿಯಾದಲ್ಲಿ ಬೆಲ್ಟಿಗಾಗಿ ಆಡುವ ಅವಕಾಶ. ಡೇನಿಯಲ್ ಬ್ರಯಾನ್‌ಗೆ ಆ ಪಂದ್ಯದಲ್ಲಿ ಜಾಗವನ್ನೇ ಕೊಟ್ಟಿರಲಿಲ್ಲ. ಮೂವತ್ತನೆಯವನಾಗಿ ಬ್ರಯಾನ್ ಬರುತ್ತಾನೆಂದು ಕಾಯುತ್ತಿದ್ದ ಜನ, ಬಂದವನು ರೇ ಮಿಸ್ಟೀರಿಯೊ ಎಂದು ಕಂಡಾಗ ಅವನನ್ನೂ ಬಿಡದೆ ಧಿಕ್ಕರಿಸಿದರು. ಪಾಪ, ಅವನದೇನೂ ತಪ್ಪಿರಲಿಲ್ಲ. ಆ ಗದ್ದಲ ವಾರಗಟ್ಟಲೆ ನಿಲ್ಲಲಿಲ್ಲ. ಕೊನೆಗೆ ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಯಾನ್ ಒಂದೇ ರಾತ್ರಿ ಮೊದಲು ಟ್ರಿಪಲ್ ಎಚ್‌ನನ್ನು ಸೋಲಿಸಿ, ಆಮೇಲೆ ಅದೇ ಬಟಿಸ್ಟಾ ಕೈ ಬಡಿದು ಸೋಲೊಪ್ಪಿಕೊಳ್ಳುವಂತೆ ಮಾಡಿ ಬೆಲ್ಟ್ ಗೆದ್ದ. 2024ರಲ್ಲಿ ಕೋಡಿ ರೋಡ್ಸ್ ಸತತ ಎರಡನೆಯ ವರ್ಷ ರಂಬಲ್ ಗೆದ್ದಿದ್ದರೂ ಅವನ ಜಾಗಕ್ಕೆ ರಾಕ್‌ನನ್ನು ತಂದು ನಿಲ್ಲಿಸಿದರು. ಜನ ರೊಚ್ಚಿಗೆದ್ದರು. ಒಂದು ವಾರ ತುಂಬುವುದರೊಳಗೆ ಕಥೆ ಬದಲಾಯಿತು. ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ರೋಮನ್ ರೇನ್ಸ್‌ನ 1316 ದಿನಗಳ ಆಳ್ವಿಕೆಯನ್ನು ಕೋಡಿಯೇ ಮುಗಿಸಿದ.

ಎರಡು ಸಲವೂ ಜನ ಹೇಳಿದ್ದೇ ಸರಿಯಾಗಿತ್ತು. ಆ ಎರಡು ರಾತ್ರಿಗಳನ್ನು ಇವತ್ತಿಗೂ ಅವರೇ ತಮ್ಮ ಹೆಮ್ಮೆಯೆಂದು ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ಹಾಗಿದ್ದೂ ಪ್ರತಿ ಸಲ ನಾವು ಗಂಟಲು ಹರಿದುಕೊಳ್ಳಬೇಕೇಕೆ? ದುಡ್ಡು ಕೊಟ್ಟು, ನಿದ್ದೆಗೆಟ್ಟು ನೋಡುವವರು ನಾವು. ನಮಗೆ ಬೇಕಾದದ್ದನ್ನು ಕೇಳಿ ಪಡೆಯಲೂ ನಾವೇ ಚಳವಳಿ ಹೂಡಬೇಕೇ?

ಈ ಸಲ ಹೆಚ್ಚು ನೋವಾಗಿರುವುದು ಜೊತೆಯ ಅಭಿಮಾನಿಗಳಿಂದ. "ಸೋತರೇನು, ಎರಡು ತಿಂಗಳಲ್ಲಿ ಮತ್ತೆ ಅವನೇ ಗೆಲ್ಲುತ್ತಾನೆ ಬಿಡು" ಎನ್ನುತ್ತಾರೆ. ಗೆಲ್ಲಬಹುದು, ಬೆಲ್ಟ್ ವಾಪಸು ಬರಬಹುದು. ಅವನು ಮೂರು ನಿಮಿಷದಲ್ಲಿ ನೆಲ ಕಚ್ಚುವುದನ್ನು ನೋಡಿದ ಮೇಲೆ ಮೊದಲಿದ್ದ ನಂಬಿಕೆ ವಾಪಸು ಬರುತ್ತದೆಯೇ? ಅವನ ಪ್ರತಿಯೊಂದು ಗೆಲುವಿನ ನಡುವೆಯೂ ಆ ಮೂರು ನಿಮಿಷ ಕಣ್ಣಿಗೆ ಕಟ್ಟುತ್ತದೆ. ಓವೆನ್ಸ್ ಹೆಸರು ಬಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ 22 ಸೆಕೆಂಡು. ಎಷ್ಟು ಒಳ್ಳೆಯ ಪಂದ್ಯಗಳನ್ನು ಆಡಿದ್ದಾನೆ ಆ ಮನುಷ್ಯ! ಅವೆಲ್ಲ ಆಮೇಲೆ ನೆನಪಾಗುತ್ತವೆ.

ಹಳಬನ ಮೇಲೆ ನನಗೆ ದ್ವೇಷವಿಲ್ಲ. ಒಂದು ಕಾಲಕ್ಕೆ ಅವನಿಗಾಗಿ ನಾನೂ ಕೂಗಿದ್ದೇನೆ, ಆ ಹಾಡು ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಬರಲಿ, ಜನ ಎದ್ದು ನಿಲ್ಲಲಿ. ಆದರೆ ಗಂಟೆ ಬಾರಿಸಿದ ಮೇಲೆ ಪಂದ್ಯಕ್ಕೆ ಇಪ್ಪತ್ತು ನಿಮಿಷ ಕೊಡಿ. ಅವನ ಹೆಸರಾಂತ ಹೊಡೆತ ಬೀಳಲಿ, ರೆಫರಿ ಎರಡು ಎಣಿಸುವಾಗ ನಮ್ಮವನು ಭುಜ ಎತ್ತಲಿ. ಇನ್ನೊಂದು ಸಲ ಹೊಡೆಯಲಿ, ಮತ್ತೆ ಎತ್ತಲಿ. ಇವನು ಹೇಗೆ ಇನ್ನೂ ಬದುಕಿದ್ದಾನೆ ಎಂದು ಆ ಹಳಬನ ಮುಖದಲ್ಲಿ ದಿಗಿಲು ಕಾಣಲಿ. ಮೂರನೆಯ ಎಣಿಕೆಗೆ ಕೈ ನೆಲಕ್ಕೆ ಬಡಿಯುವಾಗ ಕೆಳಗೆ ಮಲಗಿರಬೇಕಾದವನು ಬಂದವನು, ದುಡಿದವನಲ್ಲ. ಅದನ್ನು ಬರೆಯಲು ಅವರ ಬಳಿ ಇನ್ನೂ ಒಂದು ವಾರ ಇದೆ.