ಸೈತಾನನಿಗೂ ಒಂದು ಸೈಟು ಕೊಡಿ ಸ್ವಾಮಿ

ಸೈತಾನನ ಭಕ್ತರು ಅಂದರೆ ನಮ್ಮ ಕಣ್ಣಿಗೆ ಬರುವುದು ಅಮಾವಾಸ್ಯೆ, ತಲೆಬುರುಡೆ, ರಕ್ತ. ಅಮೆರಿಕದ ಭಕ್ತರನ್ನು ನೋಡಿದರೆ ನಿರಾಸೆಯಾಗುತ್ತದೆ. ಅವರ ಕೈಯಲ್ಲಿರುವುದು ಅರ್ಜಿ ಫಾರಂ.

1966ರ ಏಪ್ರಿಲ್ 30ರಂದು ಆಂಟನ್ ಲಾವೇ ಎಂಬಾತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಚರ್ಚ್ ಆಫ್ ಸೇಟನ್' ಶುರು ಮಾಡಿದ. ತಲೆ ಬೋಳಿಸಿದ, ಮನೆಗೆ ಕಪ್ಪು ಬಣ್ಣ ಹೊಡೆಸಿದ, ಸಿಂಹ ಸಾಕಿದ. ಅಕ್ಕಪಕ್ಕದವರು ದೂರು ಕೊಟ್ಟರು, ಸಿಂಹ ಮೃಗಾಲಯಕ್ಕೆ ಹೋಯಿತು. ನರಕದ ಏಜೆಂಟನಿಗೂ ಪಕ್ಕದ ಮನೆಯವರ ಕಾಟ ತಪ್ಪಿದ್ದಲ್ಲ. ಅದಕ್ಕೂ ಮೊದಲು ಶತಮಾನಗಟ್ಟಲೆ 'ಸೈತಾನನ ಕಡೆಯವನು' ಅನ್ನುವುದು ಬರೀ ಬೈಗುಳ. ಕ್ಯಾಥೊಲಿಕರು ಪ್ರೊಟೆಸ್ಟೆಂಟರಿಗೆ ಬೈದರು, ಅವರು ಇವರಿಗೆ ಬೈದರು. ಹೌದಪ್ಪಾ ನಾನೇ ಅಂತ ಬೋರ್ಡು ಹಾಕಿಕೊಂಡು ಕೂತವನು ಲಾವೇ.

ಆದರೆ ಅವನಿಗೇ ಸೈತಾನನ ಮೇಲೆ ನಂಬಿಕೆ ಇರಲಿಲ್ಲ! ದೇವರೂ ಇಲ್ಲ, ದೆವ್ವವೂ ಇಲ್ಲ, ಸೈತಾನ ಅಂದರೆ ನಿನ್ನೊಳಗಿನ ಆಸೆ, ಸ್ವಾಭಿಮಾನ ಅಷ್ಟೇ ಅಂದ. ಅವನ 11 ನಿಯಮ ಓದಿದರೆ ಪಿಜಿ ಗೋಡೆಗೆ ಅಂಟಿಸಿದ ಸೂಚನೆಯ ಹಾಗಿದೆ. ಕೇಳದೆ ಉಪದೇಶ ಮಾಡಬೇಡ. ಇನ್ನೊಬ್ಬರ ಮನೆಯಲ್ಲಿ ಮರ್ಯಾದೆಯಿಂದಿರು. ಮಕ್ಕಳಿಗೆ ತೊಂದರೆ ಕೊಡಬೇಡ. ಮನೆಗೆ ಬಂದವನು ಪ್ರಾಣ ತಿಂದರೆ ಕರುಣೆ ತೋರಿಸಬೇಡ. (ಈ ಕೊನೆಯದನ್ನು ನಮ್ಮಲ್ಲೂ ಎಷ್ಟೋ ಜನ ಮನಸ್ಸಿನಲ್ಲೇ ಪಾಲಿಸುತ್ತಾರೆ.) ಸದಸ್ಯತ್ವಕ್ಕೆ 225 ಡಾಲರ್.

ಹಾಗಾದರೆ ಸೈತಾನ ನಿಜವಾಗಿ ಇದ್ದಾನೆ ಅಂತ ನಂಬಿ ನಡುಗುವವರು ಯಾರು? ಅವರನ್ನು ನೋಡಬೇಕಾದರೆ ಓಕ್ಲಹೋಮ ರಾಜ್ಯಕ್ಕೆ ಹೋಗಬೇಕು.

2012ರಲ್ಲಿ ಅಲ್ಲಿನ ಶಾಸನಸಭೆಯ ಆವರಣದಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳ ಕಲ್ಲು ನಿಲ್ಲಿಸಿದರು. ದುಡ್ಡು ಶಾಸಕರೊಬ್ಬರ ಮನೆಯವರದು. ದೇವರ ಸ್ವಂತ ಮಾತು, ಆದರೆ ಪ್ರೂಫ್ ನೋಡಿದವರಿಲ್ಲ. 'ಸಬ್ಬತ್' ಪದದ ಸ್ಪೆಲ್ಲಿಂಗೇ ತಪ್ಪು. ಸರ್ಕಾರಿ ಜಾಗವನ್ನು ಧರ್ಮಕ್ಕೆ ಬಳಸುವಂತಿಲ್ಲವಲ್ಲ, ಅದಕ್ಕೆ ಇದು ಧರ್ಮವಲ್ಲ, ಚರಿತ್ರೆ ಅಂತ ಸಮರ್ಥನೆ ಬೇರೆ. ಆಗ 2013ರಲ್ಲಿ ಹುಟ್ಟಿದ್ದ 'ಸೇಟಾನಿಕ್ ಟೆಂಪಲ್' ಅನ್ನುವ ಇನ್ನೊಂದು ಗುಂಪು ಅರ್ಜಿ ಹಾಕಿತು: ನಮ್ಮದೂ ಚರಿತ್ರೆಯೇ, ಪಕ್ಕದಲ್ಲಿ ಸೈತಾನನ ಮೂರ್ತಿಗೆ ಜಾಗ ಕೊಡಿ. ಇವರೂ ನಾಸ್ತಿಕರೇ. ಲಾವೇ ಕಡೆಯವರು ಇವರನ್ನು ನಕಲಿಗಳು ಅಂತ ಬೈಯುತ್ತಾರೆ. ಸೈತಾನನ ಮನೆಯಲ್ಲೂ ದಾಯಾದಿ ಜಗಳ.

ಬಾಗಿಲು ತೆರೆದಿದೆ ಅಂತ ಗೊತ್ತಾದ ಮೇಲೆ ಕ್ಯೂ ನಿಂತಿತು. ನೆವಾಡದ ಹಿಂದೂ ಸಂಘಟನೆಯೊಂದು ಹನುಮಂತನ ಮೂರ್ತಿಗೂ ಜಾಗ ಕೇಳಿತು. ಅಂಜನಾದ್ರಿ ಬೆಟ್ಟ ಬಿಟ್ಟು ನಮ್ಮ ಆಂಜನೇಯ ಓಕ್ಲಹೋಮದಲ್ಲಿ ಸೈತಾನನ ಪಕ್ಕ ನಿಲ್ಲುವ ಯೋಗ! ಸ್ವಲ್ಪದರಲ್ಲಿ ತಪ್ಪಿತು. 2015ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಲ್ಲನ್ನೇ ತೆಗೆಯಿರಿ ಅಂದಿತು.

ಅಷ್ಟೊತ್ತಿಗೆ ಸೈತಾನನ ಮೂರ್ತಿ ರೆಡಿ. ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ಅನಾವರಣವೂ ಆಯಿತು. ಎಂಟೂವರೆ ಅಡಿ ಕಂಚು. ಮೇಕೆ ತಲೆ, ದೊಡ್ಡ ರೆಕ್ಕೆ. ಅಕ್ಕಪಕ್ಕ ಒಬ್ಬ ಹುಡುಗ, ಒಬ್ಬಳು ಹುಡುಗಿ, ಅಜ್ಜನ ಕಥೆ ಕೇಳುವವರಂತೆ ಮುಖ ಎತ್ತಿ ನಿಂತಿದ್ದಾರೆ. ಬಂದವರು ತೊಡೆಯ ಮೇಲೆ ಕೂರಲೂ ಅನುಕೂಲ. ಇದಕ್ಕೆ ಮಾದರಿಯಾದ 19ನೇ ಶತಮಾನದ ಫ್ರೆಂಚ್ ಚಿತ್ರದಲ್ಲಿ ಸ್ತನಗಳಿದ್ದವು. ಇಲ್ಲಿ ಮಾಯ. ಸೈತಾನನಿಗೂ ಸೆನ್ಸಾರು!

2017ರಲ್ಲಿ ಪಕ್ಕದ ಆರ್ಕನ್ಸಾಸ್‌ನವರು ಅದೇ ಹತ್ತು ಆಜ್ಞೆಗಳ ಕಲ್ಲು ನಿಲ್ಲಿಸಿದರು. ಒಂದು ದಿನ ಕಳೆಯುವ ಮೊದಲೇ ಒಬ್ಬ ಕಾರು ನುಗ್ಗಿಸಿ ಪುಡಿ ಮಾಡಿದ. 2014ರಲ್ಲಿ ಓಕ್ಲಹೋಮದ ಕಲ್ಲಿಗೆ ಗುದ್ದಿದವನೂ ಅವನೇ. ಅವನಿಗೆ ಮಾನಸಿಕ ಕಾಯಿಲೆ ಇತ್ತು, ಅವನನ್ನು ನೋಡಿ ನಗಲಾರೆ. ನಗು ಬರುವುದು ಸರ್ಕಾರದ ಮೇಲೆ. ಹೊಸ ಕಲ್ಲು ತಂದು, ಸುತ್ತ ಕಾಂಕ್ರೀಟ್ ಕಂಬ ನೆಟ್ಟರು. 'ಕದಿಯಬೇಡ, ಕೊಲ್ಲಬೇಡ' ಅನ್ನುವ ಮಾತಿಗೆ ಟ್ರಾಫಿಕ್ ಬಂದೋಬಸ್ತು. 2018ರಲ್ಲಿ ಮೇಕೆ ತಲೆಯ ಮೂರ್ತಿ ಲಾರಿ ಹತ್ತಿ ಅಲ್ಲಿಗೂ ಬಂತು, ಭಾಷಣ ಕೇಳಿತು, ಹಾಗೇ ವಾಪಸ್ ಹೋಯಿತು. ಮರುವರ್ಷ ತೆರಿಗೆ ಇಲಾಖೆ ಸೇಟಾನಿಕ್ ಟೆಂಪಲ್‌ನವರನ್ನು ಚರ್ಚ್ ಅಂತಲೇ ಒಪ್ಪಿ ತೆರಿಗೆ ವಿನಾಯಿತಿ ಕೊಟ್ಟಿತು.

2023ರ ಡಿಸೆಂಬರ್‌ನಲ್ಲಿ ಅಯೋವಾ ಶಾಸನಸಭೆಯೊಳಗೆ ಇವರು ಕನ್ನಡಿ ಚೂರು ಅಂಟಿಸಿದ ಟಗರಿನ ತಲೆಯ ಬೊಂಬೆ ಇಟ್ಟರು. ದೂರದ ಮಿಸಿಸಿಪ್ಪಿಯಿಂದ ಬಂದ ಮಾಜಿ ನೌಕಾಪಡೆ ಪೈಲಟ್ ಒಬ್ಬ ಅದರ ತಲೆ ಕಿತ್ತ. ಸರ್ಕಾರಿ ವಕೀಲರು ಅವನ ಮೇಲೆ ದ್ವೇಷಾಪರಾಧದ ಕೇಸು ಜಡಿದರು. ಅಂದರೆ, ಸೈತಾನನ ಧಾರ್ಮಿಕ ಭಾವನೆಗೆ ಧಕ್ಕೆ.