ಸಾಫ್ಟ್‌ವೇರ್ ಬದಲಿಸೋ ಮೊದಲು ವೈರ್ ನೋಡ್ರಿ

ಅಂಗಡಿಯ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ಕಳಿಸಲು ಈ ಸಾಫ್ಟ್‌ವೇರ್ ಫಾಸ್ಟ್, ಆ ಸಾಫ್ಟ್‌ವೇರ್ ಸ್ಲೋ ಅನ್ನೋ ವಾದದಲ್ಲಿ ಮುಕ್ಕಾಲು ಪಾಲು ಸುಮ್ನೆ ವಾದ. ಮದುವೆ ಸೀಸನ್ ಬಂತೆಂದರೆ ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಸ್ಟುಡಿಯೋದವರು, ವಿಡಿಯೊ ಮಿಕ್ಸಿಂಗ್ ಹುಡುಗರು ಕೇಳೋದೂ ಇದನ್ನೇ. "ಅಣ್ಣಾ, ಎಲ್ಲಕ್ಕಿಂತ ಫಾಸ್ಟ್ ಯಾವ್ದದ?" ನಾನು ತಿರುಗಿ ಕೇಳುತ್ತೇನೆ, "ನಿನ್ನ ಸ್ವಿಚ್ ಎಷ್ಟರದ್ದದ?" ಸ್ವಿಚ್ ಅಂದರೆ ಕಂಪ್ಯೂಟರ್‌ಗಳ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರೋ ಡಬ್ಬಿ. ಅದರ ಸ್ಪೀಡ್ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ.

ಲೆಕ್ಕ ಸರಳ. ಎಂಬಿಪಿಎಸ್ ಅನ್ನೋದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನೋ ಲೆಕ್ಕ, 8ರಿಂದ ಭಾಗಿಸಿದರೆ ಮೆಗಾಬೈಟ್, ಅಂದರೆ ಎಂಬಿ. ಹಳೆಯ 100 ಎಂಬಿಪಿಎಸ್ ಸ್ವಿಚ್‌ನಲ್ಲಿ ಸೆಕೆಂಡಿಗೆ 11 ಎಂಬಿ ಹೋದರೆ ಪುಣ್ಯ. 64 ಜಿಬಿ ಕಾರ್ಡಿನ ವಿಡಿಯೊ ದಾಟಲು ಒಂದೂವರೆ ಗಂಟೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಸ್ವಿಚ್ ಆದರೆ ಸೆಕೆಂಡಿಗೆ 110 ಎಂಬಿ ಆಸುಪಾಸು, ಅದೇ ಕೆಲಸ 10 ನಿಮಿಷ. ಇಷ್ಟು ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರ್ ಕೊಡುತ್ತೆ ಹೇಳಿ?

ಸ್ವಿಚ್ ಗಿಗಾಬಿಟ್ ಇದ್ದೂ 11ರ ಮೇಲೆ ಏರದಿದ್ದರೆ ಕೇಬಲ್ ನೋಡಿ. ಒಳಗೆ 8 ತಂತಿ, 4 ಜೋಡಿ. 100ಕ್ಕೆ 2 ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ತುದಿಯ ಕಂದು ತಂತಿ ಕನೆಕ್ಟರ್‌ನಲ್ಲಿ ಸರಿಯಾಗಿ ಕೂರದಿದ್ದರೆ ಬಹಳ ಸಲ ಸಿಸ್ಟಮ್ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಇಂಟರ್ನೆಟ್ ನಡೀತಾನೇ ಇರುತ್ತೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಈಥರ್‌ನೆಟ್ (ವೈರ್ ಕನೆಕ್ಷನ್) ಸ್ಟೇಟಸ್ ತೆರೆಯಿರಿ, ಸ್ಪೀಡ್ ಅಲ್ಲೇ ಬರೆದಿರುತ್ತದೆ.

ಸಾಫ್ಟ್‌ವೇರ್ ಲೆಕ್ಕಕ್ಕೇ ಇಲ್ಲ ಅಂತಲ್ಲ. ಒಂದೇ ದೊಡ್ಡ ಫೈಲ್ ಆದರೆ ವಿಂಡೋಸ್‌ನ ಫೋಲ್ಡರ್ ಶೇರಿಂಗ್, ಫೈಲ್ ಕಳಿಸೋ ಹಳೆಯ ವಿಧಾನ ಎಫ್‌ಟಿಪಿ, ಎರಡೂ ಹೆಚ್ಚುಕಮ್ಮಿ ಒಂದೇ. ಬಣ್ಣ ಬಯಲಾಗೋದು ಆಲ್ಬಂ ಫೋಲ್ಡರ್‌ನಲ್ಲಿ. ಸಾವಿರಾರು ಸಣ್ಣ ಫೋಟೊ. ಒಂದೊಂದಕ್ಕೂ ತೆರೆ, ಬರೆ, ಮುಚ್ಚು ಅಂತ ಎರಡು ಸಿಸ್ಟಮ್ ಮಾತಾಡಿಕೊಳ್ಳಬೇಕು. ನಡುವೆ ಆಂಟಿವೈರಸ್ ಪ್ರತಿಯೊಂದನ್ನೂ ಮೂಸಿ ನೋಡುತ್ತದೆ. ಇಲ್ಲಿ ರೋಬೊಕಾಪಿ ಗೆಲ್ಲುತ್ತದೆ, ಕಮಾಂಡ್ ಟೈಪ್ ಮಾಡಿ ಕಾಪಿ ಮಾಡಿಸೋ ಪ್ರೋಗ್ರಾಂ. ವಿಂಡೋಸ್ ಜೊತೆಗೇ ಪುಕ್ಕಟೆ ಬರುತ್ತೆ, ಕಮಾಂಡ್‌ನಲ್ಲಿ /MT ಅಂತ ಸೇರಿಸಿದರೆ ಒಮ್ಮೆಗೇ 8 ಫೈಲ್ ಎಳೆಯುತ್ತದೆ. ಕಪ್ಪು ಪರದೆ ಕಂಡರೆ ನಮ್ಮ ಹುಡುಗರು ಹೆದರುತ್ತಾರೆ, ಅದು ಬೇರೆ ಮಾತು.

ಇನ್ನು ಯೂಟ್ಯೂಬ್‌ನ ಸ್ಪೀಡ್ ಟೆಸ್ಟ್‌ಗಳು. ಒಂದೇ ಫೈಲನ್ನು ಎರಡನೇ ಸಲ ಕಳಿಸಿದಾಗ ಅದು ಡಿಸ್ಕ್‌ನಿಂದಲ್ಲ, ರ‍್ಯಾಮ್‌ನಿಂದಲೇ ಬಂದಿರಬಹುದು. ಆಮೇಲೆ ಟೆಸ್ಟ್ ಮಾಡಿದ ಸಾಫ್ಟ್‌ವೇರ್ ಗೆದ್ದಂಗೆ ಕಾಣುತ್ತೆ, ಅಲ್ವಾ? ನೆಟ್‌ವರ್ಕ್ ಒಂದನ್ನೇ ಅಳೆಯಲು ಐಪರ್ಫ್3 ಅನ್ನೋ ಪ್ರೋಗ್ರಾಂ ಇದೆ, ಅದು ಡಿಸ್ಕ್ ಮುಟ್ಟುವುದೇ ಇಲ್ಲ.

ಮೊಬೈಲ್‌ಗೆ? 2020ರಲ್ಲಿ ಶೇರ್‌ಇಟ್ ಬ್ಯಾನ್ ಆಯ್ತು. ಈಗ ನಾನು ಹೇಳೋದು ಲೋಕಲ್‌ಸೆಂಡ್ ಆ್ಯಪ್. ಜಾಹೀರಾತಿಲ್ಲ, ಇಂಟರ್ನೆಟ್ ಬೇಡ. ಆದರೆ ಕಳಿಸುವವರು, ತೆಗೆದುಕೊಳ್ಳುವವರು ಇಬ್ಬರೂ ಒಂದೇ ವೈಫೈ ಮೇಲಿದ್ದರೆ ಡೇಟಾ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಸ್ಪೀಡ್ ಅರ್ಧಕ್ಕೆ ಇಳಿಯುತ್ತೆ. ಕಂಪ್ಯೂಟರನ್ನಾದರೂ ವೈರ್‌ಗೆ ಹಾಕಿ.

ಸ್ಪೀಡ್‌ಗಿಂತ ನನಗೆ ಮುಖ್ಯ ಬೇರೆಯೇ ಇದೆ. ಬಿಸಿಲುಗಾಲದಲ್ಲಿ ಕರೆಂಟ್ ಹೋದರೆ ಸಿಸ್ಟಮ್‌ಗೆ ಯುಪಿಎಸ್ ಇರುತ್ತೆ, ಮೂಲೆಯಲ್ಲಿರೋ ಸ್ವಿಚ್‌ಗೆ ಇರಲ್ಲ. ಸಾದಾ ಕಾಪಿ ಅಲ್ಲೇ ಕೈಕೊಡುತ್ತದೆ. ರೋಬೊಕಾಪಿಗೆ /Z ಅಂತ ಸೇರಿಸಿದರೆ ತುಸು ನಿಧಾನ, ಆದರೆ 30 ಸೆಕೆಂಡಿಗೊಮ್ಮೆ ತಾನೇ ಮತ್ತೆ ಪ್ರಯತ್ನಿಸಿ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಸ್ವಿಚ್ಚನ್ನೂ ಯುಪಿಎಸ್‌ಗೆ ಸಿಗಿಸಿದರೆ ಇದೂ ಬೇಕಾಗಲ್ಲ.