ಸ್ಪಷ್ಟನೆ: ಆಸ್ಕರ್ ಮೀನಿಗೆ ದಿನಾ ಗೋಲ್ಡ್‌ಫಿಶ್ ಬೇಡ

"ಆಸ್ಕರ್, ಅರೋವಾನಾಗೆ ದಿನಾ ಜೀವಂತ ಗೋಲ್ಡ್‌ಫಿಶ್ ಹಾಕಿ, ಗಟ್ಟಿಮುಟ್ಟಾಗಿ ಬೆಳೆಯುತ್ತವೆ" ಅನ್ನುವ ಮೆಸೇಜ್ ಮಡಿಕೇರಿ, ಕುಶಾಲನಗರದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. (ಇವೆರಡೂ ತೊಟ್ಟಿಯಲ್ಲಿ ಸಾಕುವ, ಬೇರೆ ಮೀನು ತಿನ್ನುವ ದೊಡ್ಡ ಮೀನುಗಳು.) ಆ ಮೆಸೇಜ್ ತಪ್ಪು. ನಾನೂ ಅದನ್ನು ಕಳಿಸಿದ್ದೆ, ಕ್ಷಮಿಸಿ.

ಗೋಲ್ಡ್‌ಫಿಶ್ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ. ಅದು ವಿಟಮಿನ್ ಬಿ1 ಅನ್ನು ಒಡೆದು ಹಾಕುತ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ ಮೀನು ಸೊರಗುತ್ತದೆ, ಓಲಾಡುತ್ತಾ ಈಜುತ್ತದೆ. ಜೊತೆಗೆ ರೋಗವೂ ತೊಟ್ಟಿಗೆ ಬರಬಹುದು. ನಮ್ಮ ಆಸ್ಕರ್‌ನ ರೆಕ್ಕೆ ಮೇಲೆ ರವೆ ಉದುರಿಸಿದ ಹಾಗೆ ಬಿಳಿಚುಕ್ಕೆ ಎದ್ದಿದ್ದವು. ನೋಡೋಕಾಗಲಿಲ್ಲ.

ದೊಡ್ಡ ಮೀನಿಗೆಂದೇ ಸಿಗುವ ಪೆಲೆಟ್ (ಒಣ ಗುಳಿಗೆ) ಮುಖ್ಯ ಆಹಾರವಾಗಲಿ. ಮಧ್ಯೆ ಎರೆಹುಳ ಕೊಡಬಹುದು, ಆದರೆ ಔಷಧಿ ಹೊಡೆದ ಕಾಫಿ ತೋಟದ್ದು ಬೇಡ. ನಮ್ಮ ಮಳೆಗಾಲದ ಚಳಿಗೆ ಹೀಟರ್ ಬೇಕೇ ಬೇಕು, ನೀರು 25 ಡಿಗ್ರಿಗಿಂತ ಕೆಳಗಿಳಿಯದಿರಲಿ.

ಆ ಮೆಸೇಜ್ ನಿಮಗೆ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.